ವಿಹಾರ ದೋಣಿಗೆ ವಿಮಾ ರಕ್ಷಣೆ ಪಡೆಯುವ ಕುರಿತು ಸಾರ್ವಜನಿಕ ಮಾಹಿತಿ

ಬಳ್ಳಾರಿ ತಾಲ್ಲೂಕು ರೂಪನಗುಡಿ ಹೋಬಳಿ ಹಾಗೂ ಸುತ್ತಲಿನ ಪ್ರದೇಶಗಳ ದೋಣಿ ಮಾಲೀಕರ ಉಪಯೋಗಕ್ಕಾಗಿ

ಪೀಠಿಕೆ

ರೂಪನಗುಡಿ ಹೋಬಳಿಯ ನಿವಾಸಿಯೊಬ್ಬರು ಸ್ವಂತ ವಿಹಾರಕ್ಕೆಂದು ದೋಣಿಯನ್ನು ಖರೀದಿಸಿದಲ್ಲಿ, ಆ ದೋಣಿಯು ವರ್ಷದಲ್ಲಿ ನೀರಿಗಿಂತ ನೆಲದ ಮೇಲೆಯೇ ಹೆಚ್ಚು ದಿನಗಳನ್ನು ಕಳೆಯುತ್ತದೆ. ಈ ಭಾಗದ ವೇದಾವತಿ ಅಥವಾ ಹಗರಿ ನದಿಯು ವರ್ಷದ ಬಹುಕಾಲ ಮರಳಿನ ಹಾಸಾಗಿರುತ್ತದೆ. ದೋಣಿಯನ್ನು ನೀರಿಗೆ ಇಳಿಸಬೇಕಾದರೆ ಸಿರುಗುಪ್ಪ ಅಥವಾ ಕಂಪ್ಲಿಯ ಕಡೆಗೆ ತುಂಗಭದ್ರಾ ನದಿಗೋ, ಹೊಸಪೇಟೆಯ ಜಲಾಶಯಕ್ಕೋ ರಸ್ತೆಯ ಮೂಲಕ ಸಾಗಿಸಬೇಕಾಗುತ್ತದೆ. ಆದುದರಿಂದ ಇಲ್ಲಿನ ಅರ್ಜಿದಾರರಿಗೆ ಮುಳುಗಡೆಯ ಅಪಾಯದಷ್ಟೇ ಮನೆಯಂಗಳದಲ್ಲಿನ ಕಳವು, ಬೆಂಕಿ ಹಾಗೂ ರಸ್ತೆ ಅಪಘಾತಗಳ ಅಪಾಯವೂ ಮುಖ್ಯವಾದುದು. ಕಡಲತೀರದ ದೋಣಿಗಳನ್ನು ಗಮನದಲ್ಲಿರಿಸಿಕೊಂಡು ಸಿದ್ಧಪಡಿಸಿದ ಪಾಲಿಸಿಗಳಲ್ಲಿ ಈ ಅಪಾಯಗಳು ತಾವಾಗಿಯೇ ಸೇರಿರುವುದಿಲ್ಲ. ಅರ್ಜಿದಾರರು ಕೇಳಿ ಸೇರಿಸಿಕೊಳ್ಳತಕ್ಕದ್ದು.

ವಿಮಾ ಕಂಪನಿಯು ಒಪ್ಪಿಕೊಳ್ಳುವುದು ನಿರ್ದಿಷ್ಟ ಜಲಭಾಗದಲ್ಲಿ, ನಿರ್ದಿಷ್ಟ ಉದ್ದೇಶಕ್ಕೆ ಬಳಸಲಾಗುವ ನಿರ್ದಿಷ್ಟ ದೋಣಿಯ ಅಪಾಯವನ್ನು ಮಾತ್ರ. ಪ್ರಸ್ತಾವನಾ ನಮೂನೆಯಲ್ಲಿ ಬರೆದ ದೋಣಿಗೂ ನೀರಿನಲ್ಲಿ ಓಡಾಡುವ ದೋಣಿಗೂ ವ್ಯತ್ಯಾಸವಿದ್ದಲ್ಲಿ, ಕ್ರಮಬದ್ಧವಾಗಿ ಕಂತು ಪಾವತಿಸಿದ್ದರೂ ಪರಿಹಾರ ದೊರೆಯದಿರುವ ಸಂಭವವಿದೆ. ಈ ಅಂಶವನ್ನು ಅರ್ಜಿದಾರರು ಆರಂಭದಲ್ಲಿಯೇ ಮನಗಾಣುವುದು ಸೂಕ್ತ.

ವಿಮೆ ಯಾರಿಗೆ ಕಡ್ಡಾಯ

ಒಳನಾಡು ಜಲಮಾರ್ಗಗಳಲ್ಲಿ ಸಂಚರಿಸುವ ದೋಣಿಗಳಿಗೆ ಈಗ ಅನ್ವಯಿಸುವುದು ಒಳನಾಡು ಹಡಗುಗಳ ಅಧಿನಿಯಮ, 2021. ಇದು 1917ರ ಹಳೆಯ ಅಧಿನಿಯಮದ ಸ್ಥಾನದಲ್ಲಿ ಬಂದಿದ್ದು, 2022ರಲ್ಲಿ ಜಾರಿಗೊಂಡಿದೆ. ಇದರ ಮೇರೆಗೆ ಯಂತ್ರದಿಂದ ಚಲಿಸುವ ಒಳನಾಡು ದೋಣಿಗೆ ನೋಂದಣಿ, ಸಮೀಕ್ಷಾ ಪ್ರಮಾಣಪತ್ರ ಹಾಗೂ ವಿಮೆ ಇರತಕ್ಕದ್ದು. ದೋಣಿಯ ಬಳಕೆಯಿಂದ ಉಂಟಾಗುವ ಸಾವು, ದೈಹಿಕ ಗಾಯ, ಆಸ್ತಿ ಹಾನಿ ಮತ್ತು ಆಕಸ್ಮಿಕ ಮಾಲಿನ್ಯದ ಹೊಣೆಯು ಈ ವಿಮೆಯಲ್ಲಿ ಒಳಗೊಂಡಿರಬೇಕು. ವಿಮೆಯ ಕಡ್ಡಾಯ ಹೊಸದೇನೂ ಅಲ್ಲ. ಮೋಟಾರು ವಾಹನಗಳಿಗಿರುವಂತಹ ಮೂರನೇ ವ್ಯಕ್ತಿಯ ವಿಮೆಯನ್ನು ಯಾಂತ್ರಿಕ ದೋಣಿಗಳಿಗೂ ಅನ್ವಯಿಸುವ ತಿದ್ದುಪಡಿ 1977ರಲ್ಲಿಯೇ ಹಳೆಯ ಅಧಿನಿಯಮಕ್ಕೆ ಆಗಿತ್ತು. ಬಯಲುಸೀಮೆಯಲ್ಲಿ ಅದನ್ನು ಕೇಳುವವರು ಕಡಿಮೆ ಇದ್ದರು ಎಂಬುದಷ್ಟೇ ನಿಜ.

ಹುಟ್ಟು ಹಾಕಿ ನಡೆಸುವ ದೋಣಿ, ಹರಿಗೋಲು, ಕಯಾಕ್ ಮುಂತಾದ ಯಂತ್ರರಹಿತ ಸಾಧನಗಳು ಬೇರೆ ವರ್ಗಕ್ಕೆ ಸೇರುತ್ತವೆ. ಇವುಗಳ ದಾಖಲಾತಿ ಮತ್ತು ನಿಯಂತ್ರಣವನ್ನು ಜಿಲ್ಲೆ, ತಾಲ್ಲೂಕು ಹಾಗೂ ಗ್ರಾಮ ಮಟ್ಟದ ಸ್ಥಳೀಯ ಸಂಸ್ಥೆಗಳಿಗೆ ವಹಿಸಿಕೊಡಲು 2021ರ ಅಧಿನಿಯಮದಲ್ಲಿ ಅವಕಾಶ ಕಲ್ಪಿಸಲಾಗಿದೆ. ಹುಟ್ಟಿನ ದೋಣಿಗೆ ತರುವಾಯ ಸಣ್ಣ ಮೋಟಾರನ್ನು ಜೋಡಿಸಿದಲ್ಲಿ ಅದು ಯಾಂತ್ರಿಕ ದೋಣಿಯೆಂದೇ ಪರಿಗಣಿಸಲ್ಪಡುವುದರಿಂದ, ಜೋಡಿಸುವ ಮುನ್ನ ನೋಂದಣಿ ಮತ್ತು ವಿಮೆಯ ಕ್ರಮ ಜರುಗಿಸತಕ್ಕದ್ದು.

ನೋಂದಣಿ ಮತ್ತು ಅನುಮತಿ

ವಿಮಾ ಕಂಪನಿಯು ಮೊದಲು ಕೇಳುವುದು ನೋಂದಣಿ ಪ್ರಮಾಣಪತ್ರವನ್ನು. ರಾಜ್ಯದಲ್ಲಿ ಈ ವಿಷಯವು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ವ್ಯಾಪ್ತಿಗೆ ಸೇರಿದ್ದು, ಇಲಾಖೆಯ ಕೇಂದ್ರ ಕಚೇರಿಯು ಕಾರವಾರದಲ್ಲಿದೆ. ಸಮುದ್ರವೇ ಇಲ್ಲದ ಬಳ್ಳಾರಿಯವರು ಬಂದರು ಇಲಾಖೆಗೆ ಅರ್ಜಿ ಸಲ್ಲಿಸುವುದು ವಿಚಿತ್ರವೆನಿಸಬಹುದಾದರೂ ಕ್ರಮ ಇದೇ ಆಗಿರುತ್ತದೆ. ಹೊಸ ಅಧಿನಿಯಮದಂತೆ ಒಂದು ರಾಜ್ಯದಲ್ಲಿ ಪಡೆದ ನೋಂದಣಿಯು ದೇಶದಾದ್ಯಂತ ಮಾನ್ಯವಾಗಿರುತ್ತದೆ. ಆಂಧ್ರಪ್ರದೇಶದ ಗಡಿಗೆ ಹತ್ತಿರವಿರುವ ಈ ಭಾಗದವರಿಗೆ ಇದರಿಂದ ಅನುಕೂಲವಾಗಿದೆ. ಆದರೆ ವಿಮಾ ಪಾಲಿಸಿಗೆ ಈ ಮಾತು ಅನ್ವಯಿಸುವುದಿಲ್ಲ. ಪಾಲಿಸಿಯಲ್ಲಿ ಬರೆದ ಸಂಚಾರ ವ್ಯಾಪ್ತಿಯ ಹೊರಗೆ ದೋಣಿ ಸಾಗಿದಲ್ಲಿ ರಕ್ಷಣೆ ಇರುವುದಿಲ್ಲ.

ನೋಂದಣಿಯೊಂದಿಗೆ ಆಯಾ ಜಲಭಾಗದ ಅನುಮತಿಯೂ ಬೇಕು. ತುಂಗಭದ್ರಾ ಅಣೆಕಟ್ಟೆಯು 1953ರಲ್ಲಿ ರಚಿತವಾದ ತುಂಗಭದ್ರಾ ಮಂಡಳಿಯ ನಿರ್ವಹಣೆಯಲ್ಲಿದೆ. ಮಂಡಳಿಯ ಅನುಮತಿಯಿಲ್ಲದೆ ಜಲಾಶಯಕ್ಕೆ ದೋಣಿ ಇಳಿಸುವಂತಿಲ್ಲ. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರವು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಗಿರುವುದರಿಂದ, ಅಲ್ಲಿ ಅರಣ್ಯ ಇಲಾಖೆಯನ್ನು ವಿಚಾರಿಸದೆ ಮುಂದುವರಿಯಬಾರದು. ನಿಷೇಧಿತ ಸ್ಥಳದಲ್ಲಿ ಅಪಘಾತ ಸಂಭವಿಸಿದಾಗ ಪರಿಹಾರ ನಿರಾಕರಿಸಲು ಅದೊಂದೇ ಕಾರಣ ಸಾಕಾಗುತ್ತದೆ.

ರಕ್ಷಣೆಯ ವ್ಯಾಪ್ತಿ

ವಿಹಾರ ದೋಣಿಯ ವಿಮೆಯಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ದೋಣಿಯ ಒಡಲು, ಯಂತ್ರ ಹಾಗೂ ಸಲಕರಣೆಗಳಿಗೆ ಉಂಟಾಗುವ ಹಾನಿಯದು. ಇದನ್ನು ಹಲ್ ವಿಮೆ ಎಂದು ಕರೆಯುವ ರೂಢಿಯಿದೆ. ಎರಡನೆಯದು ಇತರರಿಗೆ ಉಂಟಾಗುವ ಹಾನಿಯ ಹೊಣೆ. ಕಾನೂನಿನ ದೃಷ್ಟಿಯಿಂದ ಕಡ್ಡಾಯವಾದುದು ಎರಡನೆಯದು. ಮಾಲೀಕರು ತಮ್ಮ ದೋಣಿಯ ಬೆಲೆಯ ಬಗ್ಗೆ ಹೆಚ್ಚು ಯೋಚಿಸಿ, ಹೊಣೆಯ ಮಿತಿಯನ್ನು ಕಡಿಮೆ ಬರೆಸುವುದುಂಟು. ಮೂರು ಲಕ್ಷ ರೂಪಾಯಿಯ ದೋಣಿ ಹೋದಲ್ಲಿ ನಷ್ಟ ಮೂರು ಲಕ್ಷಕ್ಕೆ ನಿಲ್ಲುತ್ತದೆ. ಅದೇ ದೋಣಿಯಲ್ಲಿದ್ದ ಒಬ್ಬರು ಮೃತಪಟ್ಟಲ್ಲಿ ನ್ಯಾಯಾಲಯ ನಿಗದಿಪಡಿಸುವ ಪರಿಹಾರಕ್ಕೂ ದೋಣಿಯ ಬೆಲೆಗೂ ಸಂಬಂಧವಿರುವುದಿಲ್ಲ. ವಿಮಾ ಮಿತಿಯನ್ನು ಮೀರಿದ ಮೊತ್ತವನ್ನು ಮಾಲೀಕರ ಹೊಲ, ಮನೆಗಳಿಂದ ವಸೂಲು ಮಾಡುವ ಸಂದರ್ಭ ಬರಬಹುದು.

ದೋಣಿಯಲ್ಲಿ ಕುಳಿತವರು ಹೊಣೆಯ ಭಾಗದಲ್ಲಿ ಸೇರಿದ್ದಾರೆಯೇ ಎಂಬುದನ್ನು ಪ್ರತ್ಯೇಕವಾಗಿ ಕೇಳಿ ತಿಳಿಯತಕ್ಕದ್ದು. ಹಾಗೆಯೇ ಸಾರ್ವಜನಿಕ ಹೊಣೆ ವಿಮಾ ಅಧಿನಿಯಮ, 1991ರ ಹೆಸರು ಕೇಳಿ ಗೊಂದಲಕ್ಕೊಳಗಾಗಬಾರದು. ಅದು ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವ ಉದ್ದಿಮೆಗಳಿಗೆ ಸಂಬಂಧಿಸಿದ್ದು, ದೋಣಿಗೆ ಸಂಬಂಧಿಸಿದುದಲ್ಲ.

ಒಡಲಿನ ವಿಮೆಯಲ್ಲಿ ಸಾಮಾನ್ಯವಾಗಿ ಮುಳುಗಡೆ, ಡಿಕ್ಕಿ, ನೆಲಕಚ್ಚುವಿಕೆ, ಬೆಂಕಿ, ಬಿರುಗಾಳಿ ಮತ್ತು ಕಳವು ಸೇರಿರುತ್ತವೆ. ಸವಕಳಿ, ತುಕ್ಕು, ಕ್ರಮೇಣ ಆಗುವ ಕ್ಷೀಣತೆ ಹಾಗೂ ಸ್ಪರ್ಧೆಗಳಲ್ಲಿನ ಬಳಕೆ ಸೇರಿರುವುದಿಲ್ಲ. ಹೊರಜೋಡಣೆಯ ಮೋಟಾರು ಹೊಂದಿದವರು ಎರಡು ಷರತ್ತುಗಳನ್ನು ವಿಶೇಷವಾಗಿ ಗಮನಿಸಬೇಕು. ವಿಹಾರ ದೋಣಿಗಳ ಪಾಲಿಸಿಗಳಲ್ಲಿ ರೂಢಿಯಲ್ಲಿರುವ ನಿಬಂಧನೆಗಳ ಪ್ರಕಾರ, ಮೋಟಾರು ಕಳಚಿ ನೀರಿಗೆ ಬಿದ್ದಲ್ಲಿ ಪರಿಹಾರವಿಲ್ಲ. ಕಳವಾದಲ್ಲಿಯೂ, ಸಾಮಾನ್ಯ ತಿರುಪಿನ ಹಿಡಿಕೆಯಲ್ಲದೆ ಬೇರೆ ಕಳವು ನಿರೋಧಕ ಬೀಗವಿದ್ದರೆ ಮಾತ್ರ ಪರಿಹಾರ. 17 ನಾಟ್, ಅಂದರೆ ಗಂಟೆಗೆ ಸುಮಾರು 31 ಕಿಲೋಮೀಟರ್ ಮೀರಿದ ವೇಗದ ದೋಣಿಗಳಿಗೆ ಪ್ರತ್ಯೇಕ ಷರತ್ತುಗಳು ಅನ್ವಯಿಸುತ್ತವೆ.

ಬಳ್ಳಾರಿಯಿಂದ ಹೊಸಪೇಟೆಗೆ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್ ದೂರವಿದೆ. ಈ ದಾರಿಯಲ್ಲಿ ಟ್ರೇಲರ್‌ನ ಮೇಲಿರುವ ದೋಣಿಗೆ ಆಗುವ ಹಾನಿಯನ್ನು ಎಳೆಯುವ ವಾಹನದ ವಿಮೆಯು ಭರಿಸುವುದಿಲ್ಲ. ದೋಣಿಯ ಪಾಲಿಸಿಯಲ್ಲಿ ರಸ್ತೆ ಸಾಗಣೆಯನ್ನು ಬರೆಸಿದ್ದರೆ ಮಾತ್ರ ಪರಿಹಾರ ದೊರೆಯುತ್ತದೆ. ಟ್ರೇಲರ್‌ಗೆ ಪ್ರಾದೇಶಿಕ ಸಾರಿಗೆ ಕಚೇರಿಯ ನೋಂದಣಿ ಪ್ರತ್ಯೇಕವಾಗಿ ಇರತಕ್ಕದ್ದು.

ಪ್ರಸ್ತಾವನಾ ನಮೂನೆಯನ್ನು ಭರ್ತಿ ಮಾಡುವುದು

ಬಳ್ಳಾರಿ ನಗರದಲ್ಲಿರುವ ಸಾಮಾನ್ಯ ವಿಮಾ ಕಂಪನಿಗಳ ಕಚೇರಿಗಳಲ್ಲಿ ನಮೂನೆಯನ್ನು ಪಡೆಯಬಹುದಾಗಿದೆ. ವಾಹನ ವಿಮೆಯಂತೆ ಅದೇ ದಿನ ಪಾಲಿಸಿ ಕೈಸೇರುವುದೆಂದು ನಿರೀಕ್ಷಿಸಬಾರದು. ದೋಣಿಯ ಪ್ರಸ್ತಾವನೆಗಳು ಈ ಭಾಗದಲ್ಲಿ ವಿರಳವಾದುದರಿಂದ ಮೇಲಿನ ಕಚೇರಿಯ ಒಪ್ಪಿಗೆಗೆ ಕಳುಹಿಸುವುದು ಸಾಮಾನ್ಯ. ಸಮೀಕ್ಷಕರ ಪರಿಶೀಲನೆಯನ್ನೂ ಕೇಳಬಹುದು. ಬಳಕೆಯ ಋತುವಿಗಿಂತ ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸುವುದು ಒಳ್ಳೆಯದು.

ಸಾಗರ ವಿಮಾ ಅಧಿನಿಯಮ, 1963ರ ಮೂಲತತ್ತ್ವವೆಂದರೆ ವಿಮೆಯ ಒಪ್ಪಂದವು ಉಭಯತರ ಪರಮ ವಿಶ್ವಾಸದ ಮೇಲೆ ನಿಂತಿರತಕ್ಕದ್ದು ಎಂಬುದು. ತಾನು ಬಲ್ಲ ಪ್ರತಿಯೊಂದು ಮುಖ್ಯ ಸಂಗತಿಯನ್ನು ಅರ್ಜಿದಾರನು ತಾನಾಗಿಯೇ ತಿಳಿಸಬೇಕು. ದೋಣಿ ಹಿಂದೆ ಒಮ್ಮೆ ಮುಳುಗಿತ್ತು, ಒಡಲಿಗೆ ತೇಪೆ ಹಾಕಿಸಲಾಗಿದೆ, ಬೇರೊಂದು ಕಂಪನಿ ವಿಮೆ ನಿರಾಕರಿಸಿತ್ತು ಎಂಬಂತಹವು ಮುಖ್ಯ ಸಂಗತಿಗಳು. ನಮೂನೆಯನ್ನು ಏಜೆಂಟರು ತುಂಬಿದರೂ ಸಹಿ ಅರ್ಜಿದಾರರದ್ದಾಗಿರುತ್ತದೆ. ಆದುದರಿಂದ ಖಾಲಿ ನಮೂನೆಗೆ ಸಹಿ ಹಾಕಬಾರದು. ಇಂಗ್ಲಿಷಿನಲ್ಲಿದ್ದಲ್ಲಿ ಓದಿಸಿ, ಅರ್ಥ ತಿಳಿದುಕೊಂಡು ಸಹಿ ಮಾಡತಕ್ಕದ್ದು.

ಬಳಕೆಯ ಉದ್ದೇಶವನ್ನು ಕೇಳುವ ಅಂಕಣದಲ್ಲಿಯೇ ಹೆಚ್ಚಿನ ತೊಡಕುಗಳು ಹುಟ್ಟುತ್ತವೆ. ಸ್ವಂತ ವಿಹಾರ ಎಂದು ಬರೆದ ದೋಣಿಯಲ್ಲಿ ಮಾಲೀಕರು, ಕುಟುಂಬದವರು ಮತ್ತು ಹಣ ನೀಡದ ಅತಿಥಿಗಳು ಮಾತ್ರ ಸಂಚರಿಸಬಹುದು. ಜಾತ್ರೆಯ ದಿನ ನಾಲ್ಕು ಮಂದಿಯಿಂದ ತಲಾ ನೂರು ರೂಪಾಯಿ ಪಡೆದು ನದಿ ದಾಟಿಸಿದಲ್ಲಿ ಆ ಸಂಚಾರವು ಬಾಡಿಗೆ ಸಂಚಾರವಾಗುತ್ತದೆ. ಡೀಸೆಲ್ ಖರ್ಚಿಗಷ್ಟೇ ಪಡೆದೆನೆಂಬ ಸಮಜಾಯಿಷಿ ಪ್ರತಿ ಪ್ರಕರಣದಲ್ಲೂ ನಿಲ್ಲುವುದೆಂದು ನಂಬಲಾಗದು. ಬಾಡಿಗೆಯ ಉದ್ದೇಶ ಸ್ವಲ್ಪವಾದರೂ ಇದ್ದಲ್ಲಿ ಮೊದಲೇ ತಿಳಿಸಿ, ಹೆಚ್ಚಿನ ಕಂತು ಕಟ್ಟಿ, ವಾಣಿಜ್ಯ ಬಳಕೆಯ ಪಾಲಿಸಿಯನ್ನೇ ಪಡೆಯತಕ್ಕದ್ದು.

ಆಸನ ಸಾಮರ್ಥ್ಯದ ವಿಷಯವೂ ಹೀಗೆಯೇ. ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿಯು 2019ರ ಜನವರಿ 21ರಂದು ಮಗುಚಿ 16 ಮಂದಿ ಮೃತಪಟ್ಟರು. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು 22 ಮಂದಿಯ ಸಾವಿಗೆ ಕಾರಣವಾದ ವಿಹಾರ ದೋಣಿಯು ಮೂಲತಃ ಮೀನುಗಾರಿಕೆಯ ದೋಣಿಯಾಗಿದ್ದು, ಮಾರ್ಪಡಿಸಿ ಪ್ರವಾಸಿಗರಿಗೆ ಬಳಸಲಾಗಿತ್ತು. ವಡೋದರಾದ ಹರಣಿ ಕೆರೆಯಲ್ಲಿ 2024ರ ಜನವರಿ 18ರಂದು ಶಾಲಾ ಮಕ್ಕಳ ದೋಣಿ ಮಗುಚಿ 12 ಮಕ್ಕಳು ಮತ್ತು 2 ಶಿಕ್ಷಕಿಯರು ಮೃತರಾದರು. ತಾನೂರು ಮತ್ತು ವಡೋದರಾ ಎರಡರಲ್ಲೂ ದೋಣಿಯ ಸಾಮರ್ಥ್ಯ ಮೀರಿ ಜನರನ್ನು ಹತ್ತಿಸಲಾಗಿತ್ತು. ಸಮೀಕ್ಷಾ ಪ್ರಮಾಣಪತ್ರದಲ್ಲಿನ ಸಂಖ್ಯೆಯನ್ನು ಪಾಲಿಸಿಯೂ ಅನುಸರಿಸುತ್ತದೆ. ಮಡಿಲ ಮಗುವೂ ಒಂದು ತಲೆಯೆಂದೇ ಎಣಿಸುವುದು ಕ್ಷೇಮ. ದೋಣಿಯ ರಚನೆಯನ್ನು ಬದಲಿಸಿದಲ್ಲಿ, ಮೇಲ್ಛಾವಣಿ ಹಾಕಿಸುವಷ್ಟೇ ಆದರೂ, ಕಂಪನಿಗೆ ಲಿಖಿತವಾಗಿ ತಿಳಿಸತಕ್ಕದ್ದು.

ಬೆಲೆಯನ್ನು ನಮೂದಿಸುವಾಗ ಕಂತು ಉಳಿಸಲೆಂದು ಕಡಿಮೆ ಬರೆಯುವುದರಿಂದ ನಷ್ಟವೇ ಹೆಚ್ಚು. ಉದಾಹರಣೆಗೆ, ಮೌಲ್ಯವನ್ನು ಮೊದಲೇ ಒಪ್ಪಿಕೊಳ್ಳದ ಪಾಲಿಸಿಯಲ್ಲಿ 3,00,000 ರೂಪಾಯಿ ಬೆಲೆಯ ದೋಣಿಯನ್ನು 2,00,000 ರೂಪಾಯಿಗೆ ವಿಮೆ ಮಾಡಿಸಿ, 60,000 ರೂಪಾಯಿಯ ಹಾನಿಯಾದಲ್ಲಿ, ಮೂರನೇ ಒಂದು ಭಾಗಕ್ಕೆ ಮಾಲೀಕರೇ ಹೊಣೆಗಾರರೆಂದು ಎಣಿಸಿ 40,000 ರೂಪಾಯಿ ಮಾತ್ರ ನೀಡಲಾಗುತ್ತದೆ. ಅದರಲ್ಲಿಯೂ ಪಾಲಿಸಿಯಲ್ಲಿ ತಿಳಿಸಿದ ಕಡಿತ ಆಗಬಹುದು. ಸಾಧ್ಯವಿದ್ದಲ್ಲಿ ಒಪ್ಪಿತ ಮೌಲ್ಯದ ಪಾಲಿಸಿಯನ್ನೇ ಕೇಳುವುದು ಉತ್ತಮ.

ದಾಖಲೆಗಳು ಮತ್ತು ಕಂತು

ನಮೂನೆಯೊಂದಿಗೆ ನೋಂದಣಿ ಮತ್ತು ಸಮೀಕ್ಷಾ ಪ್ರಮಾಣಪತ್ರ, ಖರೀದಿ ರಸೀದಿ, ಯಂತ್ರದ ಕ್ರಮಸಂಖ್ಯೆ, ದೋಣಿಯ ನಾಲ್ಕೂ ಬದಿಯ ಛಾಯಾಚಿತ್ರ, ಚಾಲಕರ ಅರ್ಹತಾ ಪತ್ರ, ಗುರುತು ಹಾಗೂ ವಿಳಾಸದ ದಾಖಲೆಗಳನ್ನು ಲಗತ್ತಿಸತಕ್ಕದ್ದು. ಬ್ಯಾಂಕಿನ ಸಾಲವಿದ್ದಲ್ಲಿ ಬ್ಯಾಂಕಿನ ಹೆಸರನ್ನು ಪಾಲಿಸಿಯಲ್ಲಿ ಸೇರಿಸಲಾಗುತ್ತದೆ.

ಕಂತಿಗೆ ಸರ್ಕಾರವು ನಿಗದಿಪಡಿಸಿದ ದರಪಟ್ಟಿ ಇರುವುದಿಲ್ಲ. ದೋಣಿಯ ವಯಸ್ಸು, ಒಡಲಿನ ವಸ್ತು, ಯಂತ್ರದ ಶಕ್ತಿ ಮತ್ತು ಬಳಕೆಯನ್ನು ನೋಡಿ ಆಯಾ ಕಂಪನಿ ನಿರ್ಧರಿಸುತ್ತದೆ. ಹೀಗಾಗಿ ಕನಿಷ್ಠ ಎರಡು ಕಂಪನಿಗಳಲ್ಲಿ ವಿಚಾರಿಸುವುದು ಲೇಸು. ನೀರಿಲ್ಲದ ತಿಂಗಳುಗಳಲ್ಲಿ ದೋಣಿ ಮನೆಯಲ್ಲಿಯೇ ಇರುವುದೆಂದು ಲಿಖಿತವಾಗಿ ತಿಳಿಸಿದಲ್ಲಿ, ಆ ಅವಧಿಗೆ ಕಡಿಮೆ ದರ ವಿಧಿಸುವ ಪದ್ಧತಿ ವಿಹಾರ ದೋಣಿಗಳ ವಿಮೆಯಲ್ಲಿದೆ. ಬಯಲುಸೀಮೆಯವರಿಗೆ ಹೇಳಿಮಾಡಿಸಿದಂತಿರುವ ಈ ರಿಯಾಯಿತಿಯನ್ನು ಕೇಳಲು ಮರೆಯಬಾರದು. ಆದರೆ ಆ ಅವಧಿಯಲ್ಲಿ ದೋಣಿಯನ್ನು ನೀರಿಗೆ ಇಳಿಸುವಂತಿಲ್ಲ. ವಿಮಾ ಅಧಿನಿಯಮ, 1938ರ 64ವಿಬಿ ಪ್ರಕರಣದಂತೆ ಕಂತು ಸಂದಾಯವಾಗುವ ತನಕ ರಕ್ಷಣೆ ಆರಂಭವಾಗುವುದಿಲ್ಲ. ದೋಣಿಯನ್ನು ಮಾರಿದಲ್ಲಿ ಪಾಲಿಸಿಯು ಕೊಂಡವರಿಗೆ ತಾನಾಗಿಯೇ ವರ್ಗಾವಣೆಯಾಗುವುದಿಲ್ಲ.

ಹರಿಗೋಲು ಮಾಲೀಕರಿಗೆ

ವಿಜಯನಗರಕ್ಕೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಬುಟ್ಟಿಯಂತೆ ದುಂಡಾಗಿದ್ದು ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನರು ಆನೆಗೊಂದಿಯ ಕಡೆಗೆ ನದಿ ದಾಟುತ್ತಿದ್ದುದನ್ನು ಬರೆದಿದ್ದಾನೆ. ಚರ್ಮದ ಸ್ಥಾನದಲ್ಲಿ ಇಂದು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಹಂಪಿ, ಆನೆಗೊಂದಿ ಮತ್ತು ಸಣಾಪುರದ ಕಡೆ ಹರಿಗೋಲು ಈಗ ಪ್ರವಾಸಿಗರ ವಿಹಾರ ಸಾಧನವೂ ಆಗಿದೆ.

ಬಿದಿರಿನ ಹರಿಗೋಲಿಗೆ ಒಡಲಿನ ವಿಮೆ ದೊರೆಯುವುದು ಕಷ್ಟ. ಅದರ ಬೆಲೆಯನ್ನು ನೋಡಿದರೆ ಅವಶ್ಯವೂ ಅಲ್ಲ. ಅವಶ್ಯವಾದುದು ಮನುಷ್ಯರ ವಿಮೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಡಿ 18ರಿಂದ 70 ವರ್ಷದ ಬ್ಯಾಂಕ್ ಅಥವಾ ಅಂಚೆ ಕಚೇರಿ ಉಳಿತಾಯ ಖಾತೆದಾರರು ವರ್ಷಕ್ಕೆ 20 ರೂಪಾಯಿ ಕಂತಿಗೆ, ಅಪಘಾತದಿಂದ ಮರಣ ಹೊಂದಿದಲ್ಲಿ 2 ಲಕ್ಷ ರೂಪಾಯಿಯ ರಕ್ಷಣೆ ಪಡೆಯಬಹುದಾಗಿದೆ. ಈ ಕಂತು ಪ್ರತಿ ವರ್ಷ ಮೇ ಅಂತ್ಯದ ವೇಳೆಗೆ ಖಾತೆಯಿಂದ ಕಡಿತವಾಗುವುದರಿಂದ ಆಗ ಖಾತೆಯಲ್ಲಿ ಹಣವಿರುವಂತೆ ನೋಡಿಕೊಳ್ಳಬೇಕು. ಮೀನುಗಾರರಿಗೆ ಮತ್ಸ್ಯ ಸಂಪದ ಯೋಜನೆಯ ಗುಂಪು ಅಪಘಾತ ವಿಮೆಯಡಿ ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ ಇದ್ದು, ವಿವರಗಳನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಪಡೆಯತಕ್ಕದ್ದು. ಇವೆರಡೂ ವಿಮೆ ಹೊಂದಿದ ವ್ಯಕ್ತಿಗೆ ಮಾತ್ರ ಅನ್ವಯಿಸುತ್ತವೆ. ಹರಿಗೋಲಿನಲ್ಲಿ ಕುಳಿತ ಪ್ರವಾಸಿಗರ ಹೊಣೆಗೆ ಪ್ರತ್ಯೇಕ ಪಾಲಿಸಿ ಬೇಕು. ಒಬ್ಬೊಬ್ಬ ಅಂಬಿಗರು ಕೇಳಿದರೆ ಒಪ್ಪದ ಕಂಪನಿ, ಒಂದು ಘಟ್ಟದ ಎಲ್ಲರೂ ಸಂಘವಾಗಿ ಕೇಳಿದಾಗ ಪರಿಗಣಿಸುವ ಸಾಧ್ಯತೆ ಹೆಚ್ಚು.

ನದಿಗೆ ನೀರು ಬಿಟ್ಟಾಗ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟ್‌ಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಇತರ ಗೇಟ್‌ಗಳ ಮೂಲಕವೂ ನೀರನ್ನು ಹೊರಬಿಡಲಾಯಿತು. ತಾತ್ಕಾಲಿಕ ಗೇಟನ್ನು ಅಳವಡಿಸಲು ಸುಮಾರು ಒಂದು ವಾರ ಬೇಕಾಯಿತು. ಇಂತಹ ಅವಘಡವಿಲ್ಲದ ವರ್ಷಗಳಲ್ಲಿಯೂ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುವುದುಂಟು. ದಂಡೆಗೆ ಕಟ್ಟಿದ ದೋಣಿ ಪ್ರವಾಹದಲ್ಲಿ ಕೊಚ್ಚಿಹೋದಲ್ಲಿ, ಪಾಲಿಸಿಯಲ್ಲಿ ಪ್ರವಾಹದ ಅಪಾಯ ಸೇರಿದೆಯೇ ಎಂಬುದೂ, ಎಚ್ಚರಿಕೆಯ ನಂತರ ಮಾಲೀಕರು ದೋಣಿಯನ್ನು ಮೇಲಕ್ಕೆ ಎಳೆದುಕೊಳ್ಳಲು ಪ್ರಯತ್ನಿಸಿದರೇ ಎಂಬುದೂ ಪರಿಶೀಲನೆಗೆ ಬರುತ್ತವೆ. ಜಿಲ್ಲಾಡಳಿತವು ನದಿಗೆ ಇಳಿಯುವುದನ್ನು ನಿಷೇಧಿಸಿದ ದಿನಗಳಲ್ಲಿ ವಿಹಾರಕ್ಕೆ ಹೊರಟ ದೋಣಿಯ ಮಾಲೀಕರು ವಿಮೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ಪರಿಹಾರ ಕೋರುವ ಕ್ರಮ

ಅಪಘಾತವಾದೊಡನೆ ಜನರ ರಕ್ಷಣೆಯೇ ಮೊದಲ ಕರ್ತವ್ಯ. ಅನಂತರ ಹತ್ತಿರದ ಪೊಲೀಸ್ ಠಾಣೆಗೂ ವಿಮಾ ಕಂಪನಿಗೂ ವಿಳಂಬವಿಲ್ಲದೆ ತಿಳಿಸತಕ್ಕದ್ದು. ದೂರವಾಣಿಯಲ್ಲಿ ತಿಳಿಸಿದರೂ ಅದೇ ದಿನ ಲಿಖಿತ ಸೂಚನೆ ಕಳುಹಿಸಿ, ಸ್ವೀಕೃತಿ ಪಡೆದಿರಬೇಕು. ವಿಮೆ ಇಲ್ಲದವರು ತಮ್ಮ ಸ್ವತ್ತನ್ನು ಉಳಿಸಿಕೊಳ್ಳಲು ಎಷ್ಟು ಪ್ರಯತ್ನಿಸುವರೋ ಅಷ್ಟೇ ಪ್ರಯತ್ನವನ್ನು ವಿಮೆಯುಳ್ಳವರೂ ಮಾಡಬೇಕೆಂಬುದು ಕಾನೂನಿನ ನಿರೀಕ್ಷೆ. ಮುಳುಗಿದ ದೋಣಿಯನ್ನು ಎತ್ತಿಸಲು ಮಾಡಿದ ಯುಕ್ತ ವೆಚ್ಚವನ್ನು ಕೇಳಲು ಅವಕಾಶವಿರುವುದರಿಂದ ಕ್ರೇನ್, ಈಜುಗಾರರು ಮುಂತಾದ ಎಲ್ಲ ರಸೀದಿಗಳನ್ನು ಕಾದಿರಿಸತಕ್ಕದ್ದು. ಸಮೀಕ್ಷಕರು ಬಂದು ನೋಡುವ ಮೊದಲು ದುರಸ್ತಿ ಮಾಡಿಸುವುದಾಗಲಿ, ಅವಶೇಷವನ್ನು ಗುಜರಿಗೆ ಹಾಕುವುದಾಗಲಿ ಕೂಡದು. ಗಾಯಗೊಂಡವರಿಗೆ ಕಂಪನಿಯ ಒಪ್ಪಿಗೆಯಿಲ್ಲದೆ ಪರಿಹಾರ ನೀಡುವುದಾಗಿ ಬರೆದುಕೊಟ್ಟಲ್ಲಿ ಆ ಮೊತ್ತ ಮರಳಿ ಬಾರದಿರಬಹುದು. ಚಿಕಿತ್ಸೆಗೆ ನೆರವಾಗಲು ಇದು ಅಡ್ಡಿಯಲ್ಲ.

ಪರಿಹಾರ ನಿರಾಕರಿಸಿದಲ್ಲಿ

ನಿರಾಕರಣೆಯ ಕಾರಣವನ್ನು ಲಿಖಿತವಾಗಿ ಪಡೆಯತಕ್ಕದ್ದು. ಪಾಲಿಸಿಯ ಪೂರ್ಣ ಷರತ್ತುಗಳನ್ನು ತಮಗೆ ನೀಡಿಯೇ ಇರಲಿಲ್ಲವೆಂಬ ವಾದಕ್ಕೆ ಬೆಲೆಯಿದೆ. ನೆಲಮಾಳಿಗೆಯ ಅಂಗಡಿಯೊಂದಕ್ಕೆ ವಿಮೆ ನೀಡಿ, ನೆಲಮಾಳಿಗೆಗೆ ರಕ್ಷಣೆ ಇಲ್ಲವೆಂಬ ಷರತ್ತಿನ ಆಧಾರದಲ್ಲಿ ಪರಿಹಾರ ನಿರಾಕರಿಸಿದ ಪ್ರಕರಣದಲ್ಲಿ, ಮೊದಲೇ ತಿಳಿಸದ ಅಂತಹ ಷರತ್ತನ್ನು ಕಂಪನಿಯು ಆಶ್ರಯಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪು ನೀಡಿದೆ.

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದಲ್ಲಿ, ಅಥವಾ ಉತ್ತರವು ತೃಪ್ತಿಕರವಲ್ಲದಿದ್ದಲ್ಲಿ, ಒಂದು ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸಬಹುದಾಗಿದೆ. ವ್ಯಕ್ತಿಗಳಲ್ಲದೆ ಏಕಮಾಲೀಕತ್ವದ ಸಣ್ಣ ಉದ್ದಿಮೆದಾರರೂ ಇಲ್ಲಿಗೆ ಹೋಗಬಹುದು. ಶುಲ್ಕವಿರುವುದಿಲ್ಲ, ವಕೀಲರ ಅಗತ್ಯವೂ ಇಲ್ಲ; ಪರಿಹಾರದ ಮಿತಿಯು 2023ರ ತಿದ್ದುಪಡಿಯ ನಂತರ 50 ಲಕ್ಷ ರೂಪಾಯಿಗಳಾಗಿರುತ್ತದೆ. ಬಳ್ಳಾರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸುವ ಮಾರ್ಗವೂ ಇದೆ. ಆದರೆ ಆಯೋಗದಲ್ಲಿ ಬಾಕಿಯಿರುವ ವಿಷಯವನ್ನು ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲವಾದುದರಿಂದ ಯಾವುದು ಮೊದಲು ಎಂಬುದನ್ನು ಯೋಚಿಸಿ ಮುಂದುವರಿಯತಕ್ಕದ್ದು. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಶುಲ್ಕರಹಿತ ದೂರವಾಣಿ ಸಂಖ್ಯೆ 155255ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಕರೆ ಮಾಡುವಾಗ ಪಾಲಿಸಿ ಸಂಖ್ಯೆ ಮತ್ತು ಪರಿಹಾರ ಕೋರಿಕೆಯ ಸಂಖ್ಯೆಗಳನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು.